ಹೇಳೋದೂ ಒಂದು ಕೆಲಸ ಕಣೋ

ಅಕ್ಕನ ಮಗಳಿಗೆ ಆಗ ನಾಲ್ಕು ವರ್ಷ. ಕಾಲು ನೋವು ಅಂತ ರಾತ್ರಿ ಎದ್ದು ಅಳುತ್ತಿದ್ದಳು. ಬೆಳೆಯುವ ಮಕ್ಕಳಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆವು. ಮೊಣಕಾಲ ಕೆಳಗೆ ನೀಲಿಗಟ್ಟಿದ ಕಲೆಗಳಿದ್ದವು, ಎಲ್ಲೋ ಬಿದ್ದಿರಬೇಕು. ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು, ಹವಾ ಬದಲಾಗಿದೆಯಲ್ಲ. ಒಂದೊಂದಕ್ಕೂ ನಮ್ಮ ಹತ್ತಿರ ಒಂದೊಂದು ಸಮಾಧಾನ ತಯಾರಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಒಂದು ರಕ್ತಪರೀಕ್ಷೆ. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ, ಒಂದು ಬಗೆಯ ರಕ್ತದ ಕ್ಯಾನ್ಸರ್. ತಿಂಗಳು ಕಳೆಯುವುದರೊಳಗೆ ಆ ಮನೆಯವರೆಲ್ಲ ಅದನ್ನು ಎಎಲ್‌ಎಲ್ ಅಂತ, ದಿನಾ ಹತ್ತುವ ಬಸ್ಸಿನ ನಂಬರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು.

ವಿಷಯ ಗೊತ್ತಾದ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಏನು ಹೇಳಬೇಕು ಅಂತ ತೋಚದೆ ಎಲ್ಲರೂ ಹೇಳುವುದನ್ನೇ ಹೇಳಿದೆ. "ಏನಾದ್ರೂ ಬೇಕಿದ್ರೆ ಹೇಳಕ್ಕ. ಅರ್ಧರಾತ್ರಿ ಆದ್ರೂ ಸರಿ."

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಂದಳು, "ಹೇಳೋದೂ ಒಂದು ಕೆಲಸ ಕಣೋ."

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು, ಅದೂ ಇರಲಿಲ್ಲ ಅವಳಲ್ಲಿ. ನನಗೆ ಮಾತ್ರ ಚುರುಕ್ ಅಂತು. ಸಹಾಯ ಮಾಡುತ್ತೇನೆ ಅಂದವನಿಗೆ ಹೀಗನ್ನುವುದೇ ಅಂತ ಎರಡು ದಿನ ಮನಸ್ಸಿನಲ್ಲಿ ಗೊಣಗಿಕೊಂಡೆ. ಅರ್ಥವಾಗಲು ಎರಡು ತಿಂಗಳು ಬೇಕಾಯಿತು.

"ಏನು ಬೇಕು?" ಅಂತ ಕೇಳಿಸಿಕೊಂಡವರು ಮೊದಲು ಮನೆಯಲ್ಲಿ ಏನೇನು ಇಲ್ಲ ಅಂತ ಲೆಕ್ಕ ಹಾಕಬೇಕು. ಅದರಲ್ಲಿ ಹೊರಗಿನವರಿಗೆ ಹೇಳಬಹುದಾದದ್ದು ಯಾವುದು ಅಂತ ಆರಿಸಬೇಕು. ಕೇಳಿದವನ ಕೈಯಲ್ಲಿ ಅದು ಆಗುತ್ತದಾ, ಆಗದಿದ್ದರೆ ಮುಜುಗರವಾಗುತ್ತದಾ ಅಂತ ತೂಗಬೇಕು. ಆಮೇಲೆ ಬಾಯಿ ಬಿಟ್ಟು ಕೇಳಬೇಕು, ಕೊನೆಗೆ ಉಪಕಾರವಾಯಿತು ಅನ್ನಬೇಕು. ಅಕ್ಕನ ತಲೆಯಲ್ಲಿ ಆ ಸಂಜೆ ಮರುದಿನದ ಅಸ್ಥಿಮಜ್ಜೆಯ ಪರೀಕ್ಷೆ ಇತ್ತು, ಬೆನ್ನುಹುರಿಯ ಸುತ್ತಲಿನ ನೀರು ತೆಗೆಯುವುದಿತ್ತು, ಔಷಧ ಕೊಡಲು ಎದೆಯ ಚರ್ಮದಡಿ ಕೂರಿಸುವ ಪೋರ್ಟ್ ಇತ್ತು, ಸಹಿ ಹಾಕಬೇಕಾದ ಕಾಗದಗಳಿದ್ದವು. ಅದರ ಮೇಲೆ ನಾನು ಒಂದು ಪ್ರಶ್ನೆಪತ್ರಿಕೆ ಇಟ್ಟಿದ್ದೆ. ಕೊಟ್ಟವನಿಗೆ ಹಗುರವಾಯಿತು, ಅಷ್ಟೇ.

ಹೇಗೆ ಮಾಡಬೇಕು ಅಂತ ತೋರಿಸಿಕೊಟ್ಟವರು ಅಕ್ಕನ ಮನೆಯ ಮೇಲಿನ ಮಹಡಿಯ ಹೆಂಗಸು. ಅಲ್ಲಿಯವರೆಗೆ ಅವರದ್ದು ಅಕ್ಕನ ಜೊತೆ ಮೆಟ್ಟಿಲ ಮೇಲೆ ನಗುವಷ್ಟೇ ಪರಿಚಯ. ಮೊದಲ ವಾರವೇ ಬಂದು, "ನಿಮ್ಮ ಮನೆ ಕೀ ಒಂದು ನನ್ನ ಹತ್ತಿರ ಇರಲಿ. ದಿನಾ ಸಂಜೆ ಕಸ ಹೊರಗಿಡ್ತೀನಿ, ಗಿಡಕ್ಕೆ ನೀರು ಹಾಕ್ತೀನಿ. ಬೇಡ ಅನ್ನಿಸಿದ ದಿನ ಬೇಡ ಅನ್ನಿ" ಅಂದರು. ಅಷ್ಟೇ. ರೋಗದ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಅಕ್ಕ ಆಸ್ಪತ್ರೆಯಿಂದ ಬಂದು ಬಾಗಿಲು ತೆಗೆದರೆ ಮನೆ ಹಳಸಿದ ವಾಸನೆ ಹೊಡೆಯುತ್ತಿರಲಿಲ್ಲ. ನಾವೆಲ್ಲ ಧೈರ್ಯ ಹೇಳಿ ಹೇಳಿ ಕೊಡಲಾಗದ್ದನ್ನು ಅವರು ಕಸದ ಬುಟ್ಟಿ ಹೊರಗಿಟ್ಟು ಕೊಟ್ಟರು.

ಅವರನ್ನು ನೋಡಿ ನನ್ನ ವಾಕ್ಯಗಳ ಕೊನೆಯ ಪ್ರಶ್ನೆಚಿಹ್ನೆ ತೆಗೆದುಹಾಕಲು ಕಲಿತೆ. "ನಾಳೆ ಐದಕ್ಕೆ ಬಂದು ಬಟ್ಟೆ ತಗೊಂಡು ಹೋಗ್ತೀನಿ." "ಶನಿವಾರ ಬೆಳಿಗ್ಗೆ ವಾರ್ಡಲ್ಲಿ ನಾನು ಕೂತಿರ್ತೀನಿ, ನೀನು ಮನೆಗೆ ಹೋಗಿ ಮಲಗು." ಮೆಸೇಜ್ ಕಳಿಸಿದರೆ ಕೊನೆಗೆ "ಉತ್ತರ ಕೊಡಬೇಡ" ಅಂತ ಸೇರಿಸುತ್ತಿದ್ದೆ. ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಿದ್ದು ಭಾವ ತಮ್ಮ ಫೋನ್ ತೋರಿಸಿದಾಗ: ಒಂದೇ ದಿನ ನಲವತ್ತೆರಡು ಮಂದಿ "ಮಗು ಹೇಗಿದೆ?" ಅಂತ ಕೇಳಿದ್ದರು. ನಲವತ್ತೆರಡೂ ಪ್ರೀತಿಯಿಂದಲೇ ಕೇಳಿದ್ದು. ಅವತ್ತಿಂದ ಸುದ್ದಿ ಹೇಳುವ ಕೆಲಸ ನನ್ನದಾಯಿತು. ವಾರಕ್ಕೊಮ್ಮೆ ನಾಲ್ಕು ಸಾಲು, ಅಕ್ಕ ನೋಡಿ ಸರಿ ಅಂದ ಮೇಲೆ ಎಲ್ಲರಿಗೂ. ಅವಳು ಬೇಡ ಅಂದದ್ದು ಹೊರಗೆ ಹೋಗುತ್ತಿರಲಿಲ್ಲ.

ಬಟ್ಟೆ ಒಗೆಯುವುದಕ್ಕೂ ಪಾಠ ಬೇಕಾಯಿತು. ಕೀಮೋ ಕೊಟ್ಟ ಮೇಲೆ ಸುಮಾರು 48 ಗಂಟೆ ಮಗುವಿನ ಮೂತ್ರದಲ್ಲಿ, ವಾಂತಿಯಲ್ಲಿ ಔಷಧದ ಅಂಶ ಇರುತ್ತದೆ. ಅದಾದ ಹಾಸಿಗೆ ಬಟ್ಟೆಯನ್ನು ಕೈಗವಸು ಹಾಕಿಕೊಂಡು ಎತ್ತಬೇಕು, ಬೇರೆಯಾಗಿ ಒಗೆಯಬೇಕು ಅಂತ ನರ್ಸ್ ಹೇಳಿಕೊಟ್ಟರು. ನಾನು ಅದಕ್ಕೂ ಮೊದಲು ಎರಡು ಸಲ ಬರಿಗೈಯಲ್ಲಿ ಎಲ್ಲವನ್ನೂ ಒಟ್ಟಿಗೆ ತುರುಕಿ ಮಷಿನ್ ಆನ್ ಮಾಡಿದ್ದೆ. ಸಹಾಯ ಮಾಡುವವನಿಗೆ ಉತ್ಸಾಹಕ್ಕಿಂತ ಕೇಳಿ ತಿಳಿಯುವ ಬುದ್ಧಿ ಮುಖ್ಯ. ಮನೆಯವರನ್ನಲ್ಲ, ನರ್ಸನ್ನು ಕೇಳಿ ತಿಳಿಯುವುದು.

ನನ್ನ ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಯಾವುದೋ ಎಲೆಯ ರಸ ಕುಡಿದರೆ ರಕ್ತದ ಕ್ಯಾನ್ಸರ್ ಹೋಗುತ್ತದೆ ಅನ್ನುವ ವಿಡಿಯೋ ಯಾರೋ ಕಳಿಸಿದ್ದನ್ನು, ಇರಲಿ ನೋಡೋಣ ಅಂತ ಅಕ್ಕನಿಗೆ ದಾಟಿಸಿದ್ದೆ. ಅವಳು ಏನೂ ಅನ್ನಲಿಲ್ಲ. ಮರುದಿನ ವಾರ್ಡಿನ ಡಾಕ್ಟರನ್ನು ನನ್ನೆದುರೇ ಕೇಳಿದಳು. ಅವರು ತಾಳ್ಮೆಯಿಂದ ವಿವರಿಸಿದರು: ಈಗ ಮಗುವಿನ ಯಕೃತ್ತು ಕೀಮೋ ಔಷಧಗಳನ್ನು ಅರಗಿಸುವ ಕೆಲಸದಲ್ಲಿದೆ, ಗೊತ್ತಿಲ್ಲದ್ದನ್ನು ಕೊಟ್ಟರೆ ಔಷಧದ ಪ್ರಮಾಣ ರಕ್ತದಲ್ಲಿ ಏರಬಹುದು, ಇಳಿಯಬಹುದು, ಎರಡೂ ಅಪಾಯ. ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಚಿಕಿತ್ಸೆಯ ಮೊದಲ ಹಂತಕ್ಕೆ ಇಂಡಕ್ಷನ್ ಅನ್ನುತ್ತಾರೆ, ಸುಮಾರು ನಾಲ್ಕು ವಾರ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಮಾಡುವ ಹಸಿವನ್ನು ನಾನು ನೋಡಿದ್ದು ಅಲ್ಲೇ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಉಪ್ಪುಪ್ಪಾದದ್ದು ಏನಾದರೂ ಈಗಲೇ ಬೇಕು ಅಂತ ಮಗು ನಡುಗುತ್ತಿತ್ತು. ಮಾಡಿ ತಂದರೆ ತಟ್ಟೆ ತಳ್ಳಿ, ಅದಲ್ಲ ಇದು ಅಂತ ಅಮ್ಮನ ಕೆನ್ನೆಗೆ ಹೊಡೆಯುತ್ತಿತ್ತು. ಮುಖ ಉಬ್ಬಿ ಚಂದ್ರನ ಹಾಗಾಗಿತ್ತು. ನೋಡಲು ಬಂದವರೊಬ್ಬರು, "ಪಾಪ, ಕಾಯಿಲೆ ಅಂತ ಮುದ್ದು ಮಾಡಿ ಕೆಡಿಸಿದ್ದೀರಿ" ಅಂದರು. ಅವರಿಗೆ ಉತ್ತರ ಹೇಳುವ ಕೆಲಸವೂ ನನ್ನ ಪಾಲಿಗೆ ಬಂತು. ಅದನ್ನು ಸ್ವಲ್ಪ ಹೆಚ್ಚೇ ಖುಷಿಯಿಂದ ಮಾಡಿದೆ.

ಕೂದಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ನೆನಪಿರುವುದು ಕೂದಲು ಉದುರಿದ್ದಲ್ಲ, ಅಂಟುಟೇಪು. ದಿಂಬಿನ ಮೇಲೆ ಬಿದ್ದ ಕೂದಲು ಕತ್ತಿಗೆ ಚುಚ್ಚಿ ಮಗು ಮಲಗುತ್ತಿರಲಿಲ್ಲ. ಭಾವ ಅಗಲದ ಅಂಟುಟೇಪನ್ನು ಕೈಗೆ ತಿರುಗಿಸಿ ಸುತ್ತಿಕೊಂಡು, ದಿಂಬಿನ ಮೇಲೆ ಮೆಲ್ಲಗೆ ಒತ್ತಿ ಒತ್ತಿ ಒಂದೊಂದೇ ಎಳೆ ಎತ್ತುತ್ತಿದ್ದರು. ಕಾಗದಪತ್ರದ ಕೆಲಸ ಮಾಡುವವರಷ್ಟು ಶ್ರದ್ಧೆಯಿಂದ. ಆ ಟೇಪನ್ನು ಎಲ್ಲಿ ಎಸೆಯುವುದು ಅಂತ ಗೊತ್ತಾಗದೆ ಜೇಬಿಗೆ ಹಾಕಿಕೊಂಡರು.

ಭಾವನನ್ನು ಯಾರೂ ವಿಚಾರಿಸುತ್ತಿರಲಿಲ್ಲ. "ಅಕ್ಕ ಹೇಗಿದ್ದಾಳೆ, ಮಗು ಹೇಗಿದೆ" ಅಂತ ಅವರನ್ನೇ ಕೇಳುತ್ತಿದ್ದರು, ಅವರು ಹೇಗಿದ್ದಾರೆ ಅಂತ ಇಲ್ಲ. ನಾನೂ ಕೇಳಿರಲಿಲ್ಲ. ಒಂದು ಸಂಜೆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಅವರ ಕಾರು ನಿಂತಿತ್ತು, ಇಂಜಿನ್ ಆಫ್, ಒಳಗೆ ಅವರು ಸ್ಟಿಯರಿಂಗ್ ಹಿಡಿದು ಕೂತಿದ್ದರು. ಪಕ್ಕದ ಬಾಗಿಲು ತೆಗೆದು ನಾನೂ ಕೂತೆ. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರಾಗಿಯೇ ಶುರು ಮಾಡಿದ್ದು ತಮ್ಮ ಕಷ್ಟವನ್ನಲ್ಲ, 1947ನೇ ಇಸವಿಯನ್ನು.

ರಾತ್ರಿ ವಾರ್ಡಿನಲ್ಲಿ ನಿದ್ದೆ ಬಾರದೆ ಭಾವ ಈ ರೋಗದ ಚರಿತ್ರೆ ಓದುತ್ತಿದ್ದರಂತೆ. ಆ ಕಾಲದಲ್ಲಿ ಈ ಲುಕೇಮಿಯಾ ಬಂದ ಮಗು ಕೆಲವೇ ವಾರ, ಹೆಚ್ಚೆಂದರೆ ಕೆಲವು ತಿಂಗಳು. 1947ರ ಕೊನೆಯಲ್ಲಿ ಬಾಸ್ಟನ್‌ನ ಸಿಡ್ನಿ ಫಾರ್ಬರ್ ಅನ್ನುವ ವೈದ್ಯರು, ಫೋಲಿಕ್ ಆಮ್ಲದ ಕೆಲಸ ತಡೆಯುವ ಅಮಿನೋಪ್ಟೆರಿನ್ ಅನ್ನು ಇಂಥ ಮಕ್ಕಳಿಗೆ ಕೊಟ್ಟು ನೋಡಿದರು. ಔಷಧ ತಯಾರಾದದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. 1948ರ ಜೂನ್‌ನಲ್ಲಿ ಫಾರ್ಬರ್ ಫಲಿತಾಂಶ ಪ್ರಕಟಿಸಿದರು: 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತ್ತು. ಕೆಲವು ತಿಂಗಳಿಗೆ ಮಾತ್ರ. ರೋಗ ಮರಳಿ ಬಂತು. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು, 53 ವರ್ಷಕ್ಕೆ. "ನಮ್ಮ ಪುಟ್ಟಿಯ ಬೆನ್ನಿಗೆ ಕೊಡ್ತಾರಲ್ಲ ಮೆಥೊಟ್ರೆಕ್ಸೇಟ್, ಅದು ಆ ಅಮಿನೋಪ್ಟೆರಿನ್‌ನ ತಮ್ಮ" ಅಂದರು ಭಾವ. "ಆ ಹದಿನಾರು ಮಕ್ಕಳ ಅಪ್ಪಂದಿರೂ ಎಲ್ಲೋ ಒಂದು ಕಡೆ ಹೀಗೇ ಕೂತಿದ್ದಿರಬೇಕು."

ಅವತ್ತಿಂದ ಅವರ ಜೊತೆ ಮಾತಿಗೆ ನನಗೊಂದು ದಾರಿ ಸಿಕ್ಕಿತು. ಪುಟ್ಟಿಗೆ ಕೊಡುವ ಇನ್ನೊಂದು ಕೀಮೋ ಔಷಧ ವಿನ್‌ಕ್ರಿಸ್ಟಿನ್ ಬಂದದ್ದು ಮಡಗಾಸ್ಕರ್ ಮೂಲದ ಗಿಡದಿಂದ, ನಾವು ನಿತ್ಯಪುಷ್ಪ ಅನ್ನುವ ಆ ಬಡಪಾಯಿ ಗಿಡದಿಂದ. ಅದರಿಂದಲೇ ಮಗುವಿನ ದವಡೆ ನೋಯುವುದು, ಮಲಬದ್ಧತೆ ಆಗುವುದು, ನಡೆಯುವಾಗ ಪಾದ ಎಳೆಯುವುದು. ಅದು ನರಗಳನ್ನು ಮುಟ್ಟುತ್ತದೆ. ಮುಂದೆ ರಾತ್ರಿ ರಾತ್ರಿ ನುಂಗಬೇಕಾದ ಮರ್‌ಕ್ಯಾಪ್ಟೊಪ್ಯೂರಿನ್ ಕಂಡುಹಿಡಿದವರಲ್ಲಿ ಗರ್ಟ್ರೂಡ್ ಎಲಿಯನ್ ಒಬ್ಬರು, 1988ರಲ್ಲಿ ನೊಬೆಲ್ ಪಡೆದವರು. 1962ರಲ್ಲಿ ಮೆಂಫಿಸ್‌ನಲ್ಲಿ ತೆರೆದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್, ಈ ಔಷಧಗಳನ್ನು ಒಂದಾದ ಮೇಲೊಂದಲ್ಲ, ಒಟ್ಟಿಗೇ ಕೊಡಬೇಕು, ರೋಗ ಅಡಗಿ ಕೂರುವ ಮೆದುಳು ಬೆನ್ನುಹುರಿಗೂ ಚಿಕಿತ್ಸೆ ಮಾಡಬೇಕು ಅಂತ ಹಠ ಹಿಡಿದರು. 1970ರ ಹೊತ್ತಿಗೆ ಅರ್ಧದಷ್ಟು ಮಕ್ಕಳು ಉಳಿಯತೊಡಗಿದ್ದರು. ಈಗ ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಕ್ಕರೆ ಈ ಲುಕೇಮಿಯಾದಲ್ಲಿ ನೂರಕ್ಕೆ ಸುಮಾರು ತೊಂಬತ್ತು.

ಪೂರ್ತಿ ಸಿಕ್ಕರೆ ಅನ್ನುವಲ್ಲಿ ಭಾವ ಯಾವಾಗಲೂ ತಡೆಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು, ಹದಿಹರೆಯದವರು ಕ್ಯಾನ್ಸರ್‌ಗೆ ಒಳಗಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣವಾದರೆ, ಬಡ ದೇಶಗಳಲ್ಲಿ 30 ದಾಟುವುದಿಲ್ಲ. ತಡವಾಗಿ ಗೊತ್ತಾಗುವುದು, ಔಷಧ ಸಿಗದಿರುವುದು ಕಾರಣ. ಇನ್ನೊಂದು ಕಾರಣ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು. ಯಾರೂ ಮಗುವಿನ ಮೇಲೆ ಪ್ರೀತಿ ಕಡಿಮೆಯಾಗಿ ಬಿಡುವುದಿಲ್ಲ. ಓಡಾಟಕ್ಕೆ ಆಗದೆ, ಕೆಲಸ ಹೋಗಿ, ಮನೆಯಲ್ಲಿ ಇನ್ನೊಂದು ಮಗುವನ್ನು ನೋಡುವವರಿಲ್ಲದೆ ಬಿಡುತ್ತಾರೆ. ಕಸ ಹೊರಗಿಡುವುದು, ಕಾರಿನಲ್ಲಿ ಬಿಡುವುದು, ದೊಡ್ಡ ಮಗುವನ್ನು ಶಾಲೆಯಿಂದ ಕರೆತರುವುದು ಇವನ್ನೆಲ್ಲ ನಾನು ಚಿಕಿತ್ಸೆಯ ಹೊರಗಿನ ಕೆಲಸ ಅಂದುಕೊಂಡಿದ್ದೆ.

ಈಗ ಆ ದೊಡ್ಡ ಮಗುವಿನ ವಿಷಯ.

ಪುಟ್ಟಿಯ ಅಣ್ಣನಿಗೆ ಆಗ ಎಂಟು. ಬಿಳಿರಕ್ತಕಣಗಳಲ್ಲಿ ಸೋಂಕಿನ ವಿರುದ್ಧ ಮುಂದೆ ನಿಲ್ಲುವ ನ್ಯೂಟ್ರೋಫಿಲ್‌ಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದಾಗ ಮಗುವಿಗೆ ಜ್ವರ ಬಂದರೆ ಅದು ಬರೀ ಜ್ವರವಲ್ಲ. 38 ಡಿಗ್ರಿ, ಹಳೆಯ ಲೆಕ್ಕದಲ್ಲಿ 100.4, ಮುಟ್ಟಿತೆಂದರೆ ಹೊರಡಬೇಕು. ಆಸ್ಪತ್ರೆಗೆ ತಿಳಿಸದೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಮುಚ್ಚುವ ಹಾಗಿಲ್ಲ. ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಮೊದಲ ಸಲ ಹಾಗಾದದ್ದು ನಡುರಾತ್ರಿ. ಯಾರನ್ನೂ ಕರೆಯಲು ತೋಚದೆ, ಇವನನ್ನೂ ಎಬ್ಬಿಸಿ ಹೊರಟರು. ಬೆಳಿಗ್ಗೆ ಆರಕ್ಕೆ ನಾನು ಹೋಗಿ ನೋಡಿದರೆ ಎಮರ್ಜೆನ್ಸಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹುಡುಗ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಬ್ಬಿಸಿದಾಗ ಬೆಳಗಾಯಿತು ಅಂದುಕೊಂಡು ತಾನೇ ಹಾಕಿಕೊಂಡಿದ್ದನಂತೆ. ಆ ಗಡಿಬಿಡಿಯಲ್ಲಿ ಯಾರೂ ಗಮನಿಸಿರಲಿಲ್ಲ. ಶರ್ಟಿನ ಗುಂಡಿ ಒಂದು ಮನೆ ತಪ್ಪಿತ್ತು.

ಅವತ್ತು ಅಕ್ಕನ ಮನೆಯ ಕೀ ನನ್ನ ಹತ್ತಿರವೂ ಒಂದು ಬಂತು. ಮುಂದಿನ ಜ್ವರಕ್ಕೆ ರಾತ್ರಿ ಒಂದು ನಲವತ್ತಕ್ಕೆ ಫೋನ್ ಬಂದಾಗ ಅಕ್ಕ ಹೇಳಿದ್ದು ಒಂದೇ ಮಾತು: "38.3." ಹನ್ನೆರಡು ನಿಮಿಷದಲ್ಲಿ ಅಲ್ಲಿದ್ದೆ. ಬಾಗಿಲ ಬಳಿ ಸದಾ ತಯಾರಿರುವ ಚೀಲ ಹೋಗಿತ್ತು, ಒಲೆಯ ಮೇಲೆ ಅರ್ಧ ಕಾದ ನೀರು, ಹುಡುಗ ಹೊದಿಕೆ ಒದ್ದು ನಿದ್ದೆ ಮಾಡುತ್ತಿದ್ದ. ಬೆಳಿಗ್ಗೆ ನನ್ನನ್ನು ನೋಡಿ ಏನೂ ಕೇಳಲಿಲ್ಲ. "ಇವತ್ತು ಡ್ರಾಯಿಂಗ್ ಬುಕ್ ತಗೊಂಡು ಹೋಗ್ಬೇಕು ಮಾಮ" ಅಂದ.

ಐದನೇ ತಿಂಗಳಲ್ಲಿ ಅವನ ತರಗತಿಯ ಹುಡುಗನೊಬ್ಬನಿಗೆ ಚಿಕನ್‌ಪಾಕ್ಸ್ ಬಂತು. ಬೇರೆ ಮಕ್ಕಳಿಗೆ ವಾರದ ತುರಿಕೆ. ಕೀಮೋ ತೆಗೆದುಕೊಳ್ಳುತ್ತಿರುವ ಮಗುವಿಗೆ ಅದು ಶ್ವಾಸಕೋಶಕ್ಕೆ, ಯಕೃತ್ತಿಗೆ ಇಳಿಯಬಹುದು. ಇವನಿಗೆ ಲಸಿಕೆಯ ಒಂದೇ ಡೋಸ್ ಆಗಿತ್ತು. ತಾಗಿದ್ದರೆ ಎಂಟನೇ ದಿನದಿಂದ ಇಪ್ಪತ್ತೊಂದನೇ ದಿನದವರೆಗೆ ತಂಗಿಯಿಂದ ದೂರ ಇರಲಿ ಅಂದರು ಡಾಕ್ಟರು. ಹುಡುಗ ಎರಡು ವಾರಕ್ಕೆ ನನ್ನ ಮನೆಗೆ ಬಂದ. ಬಂದವನು ಅತಿಯಾಗಿ ಒಳ್ಳೆಯವನಾಗಿದ್ದ. ತಟ್ಟೆ ತೊಳೆದಿಡುತ್ತಿದ್ದ, ಟಿವಿ ಆಫ್ ಅಂದರೆ ಆಫ್. ನನಗೆ ಅದು ಹೆಮ್ಮೆ ಅನ್ನಿಸಿತ್ತು, ಸತ್ಯ ಹೇಳಬೇಕೆಂದರೆ.

ನಾಲ್ಕನೇ ರಾತ್ರಿ ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದ. "ಮಾಮ, ಒಂದ್ಸಲ ನಾನು ಅವಳನ್ನ ಸೋಫಾದಿಂದ ತಳ್ಳಿದ್ದೆ. ಅದಕ್ಕೇ ಬಂತಾ?"

"ಛೇ, ಹಂಗೆಲ್ಲ ಏನಿಲ್ಲ, ಮಲಕ್ಕೊ" ಅಂದೆ. ಅವನು "ಹ್ಞೂಂ" ಅಂದು ಆ ಕಡೆ ತಿರುಗಿದ. ಐದು ತಿಂಗಳು ಹೊತ್ತು ತಂದ ಮಾತಿಗೆ ನಾನು ಕೊಟ್ಟ ಉತ್ತರ ಅಷ್ಟು. ನನಗೆ ನಿದ್ದೆ ಬರಲಿಲ್ಲ. ಆ ನೀಲಿ ಕಲೆಗಳನ್ನು ನೋಡಿ ನಾವೇ ಅಲ್ಲವೇ, ಎಲ್ಲೋ ಬಿದ್ದಿರಬೇಕು, ಯಾರೋ ತಳ್ಳಿರಬೇಕು ಅಂದದ್ದು, ಅವನೆದುರಿಗೇ.

ಬೆಳಿಗ್ಗೆ ಕೂರಿಸಿಕೊಂಡು ಮತ್ತೆ ಶುರು ಮಾಡಿದೆ. ಮೂಳೆಯ ಒಳಗೆ ರಕ್ತ ತಯಾರಾಗುವ ಜಾಗ ಇದೆ. ಅಲ್ಲಿ ಒಂದು ಕಣ ತಪ್ಪಾಗಿ ತಯಾರಾಗಿ, ತನ್ನಂಥದ್ದನ್ನೇ ಸಾವಿರ ಸಾವಿರ ಮಾಡಿಕೊಂಡು, ಒಳ್ಳೆಯ ಕಣಗಳಿಗೆ ಜಾಗ ಇಲ್ಲದ ಹಾಗೆ ತುಂಬಿಬಿಡುತ್ತದೆ. ಅದಕ್ಕೆ ಕ್ಯಾನ್ಸರ್ ಅಂತ ಹೆಸರು. ತಳ್ಳಿದ್ದಕ್ಕೆ ಬರಲ್ಲ. ಜಗಳ ಆಡಿದ್ದಕ್ಕೆ ಬರಲ್ಲ. ಮುಟ್ಟಿದರೆ ನಿನಗೆ ಅಂಟಲ್ಲ.

"ಹಂಗಾದ್ರೆ ಆ ನೀಲಿ ಕಲೆ?"

"ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಅಂತ ಇರುತ್ತೆ. ಅದು ಕಡಿಮೆ ಆಗಿತ್ತು. ಸುಮ್ನೆ ತಾಗಿದ್ರೂ ನೀಲಿ ಆಗುತ್ತೆ."

"ನಾನು ತಳ್ಳದೇ ಇದ್ರೂ ಬರ್ತಿತ್ತಾ?"

"ಬರ್ತಿತ್ತು."

ತಿಂಡಿ ಮುಗಿಸುವುದರೊಳಗೆ ಅದನ್ನೇ ಇನ್ನೂ ಎರಡು ಸಲ ಕೇಳಿದ. ಎರಡು ಸಲವೂ ಬರ್ತಿತ್ತು ಅಂದೆ. ಅವತ್ತು ಸಂಜೆ ಅವನು ಟಿವಿ ಆಫ್ ಮಾಡಲು ಒಪ್ಪದೆ ರಂಪ ಮಾಡಿದ.

ಅಕ್ಕನಿಗೂ ಅದೇ ಪ್ರಶ್ನೆ ಇತ್ತು ಅಂತ ಆಮೇಲೆ ಗೊತ್ತಾಯಿತು, ಬೇರೆ ರೂಪದಲ್ಲಿ. ಬಸುರಿಯಾಗಿದ್ದಾಗ ಏನಾದರೂ ತಪ್ಪಾಯಿತಾ, ಮೊದಲ ಜ್ವರಕ್ಕೇ ತೋರಿಸಬೇಕಿತ್ತಾ. ಮಕ್ಕಳ ಕ್ಯಾನ್ಸರ್‌ಗಳಲ್ಲಿ ಬಹುಪಾಲಿಗೆ ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಆನುವಂಶಿಕ ಅನ್ನಬಹುದಾದದ್ದು ನೂರರಲ್ಲಿ ಹತ್ತರ ಆಸುಪಾಸು. ಡಾಕ್ಟರು ಇದನ್ನು ಮೊದಲ ದಿನವೇ ಹೇಳಿದ್ದರು. ಅವಳಿಗೆ ಮೊದಲ ದಿನ ಏನೂ ಕೇಳಿಸಿರಲಿಲ್ಲ. ಅದಕ್ಕೇ, ಡಾಕ್ಟರ ಜೊತೆ ಮಾತಾಡುವಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳುವವನೊಬ್ಬ ಇದ್ದರೆ ಒಳ್ಳೆಯದು. ಮಾತಾಡುವವನಲ್ಲ, ಬರೆದುಕೊಳ್ಳುವವನು.

ಪ್ಲೇಟ್‌ಲೆಟ್ ಅಂದೆನಲ್ಲ. ಅದನ್ನು ಕೊಡುತ್ತೇನೆ ಅಂತ ಎದೆಯುಬ್ಬಿಸಿ ಹೋದ ದಿನ ನನ್ನನ್ನು ವಾಪಸ್ ಕಳಿಸಿದರು. ಹಿಂದಿನ ದಿನ ತಲೆನೋವಿಗೆ ಆ್ಯಸ್ಪಿರಿನ್ ನುಂಗಿದ್ದೆ. ಅದು ಪ್ಲೇಟ್‌ಲೆಟ್‌ಗಳನ್ನು ಕೆಲಸಕ್ಕೆ ಬಾರದ ಹಾಗೆ ಮಾಡಿಬಿಡುತ್ತದೆ. ಮೂರು ದಿನ ಬಿಟ್ಟು ಹೋದೆ. ಒಂದೂವರೆ ಗಂಟೆ ಯಂತ್ರಕ್ಕೆ ಅಂಟಿಕೊಂಡು ಮಲಗಿದೆ, ತುಟಿ ಜುಂ ಅಂತಿತ್ತು. ಕೆಂಪು ಕಣಗಳನ್ನು ಯಂತ್ರ ನನಗೇ ಹಿಂತಿರುಗಿಸಿತು. ಉಳಿದದ್ದು ಒಂದು ಚೀಲ ತಿಳಿಹಳದಿ ದ್ರವ. ಇದು ನನ್ನ ಅಕ್ಕನ ಮಗಳಿಗೆ ತಾನೇ ಅಂತ ಕೇಳಿದೆ. ಅಲ್ಲ ಅಂದರು. ಮುಂದೆ ಅಸ್ಥಿಮಜ್ಜೆ ಕಸಿ ಬೇಕಾಗಬಹುದಾದ ಮಕ್ಕಳಿಗೆ ರಕ್ತಸಂಬಂಧಿಗಳದ್ದನ್ನು ಕೊಡುವುದನ್ನು ತಪ್ಪಿಸುತ್ತಾರೆ. ನನ್ನದು ಬೇರೆ ಯಾರಿಗೋ, ಅವಳಿಗೆ ಬೇರೆ ಯಾರದ್ದೋ. ಮೊದಲಿಗೆ ಪೆಚ್ಚೆನಿಸಿತು. ಆ ಚೀಲವನ್ನು ಅವರು ಒಂದು ಅಲುಗಾಡುವ ಹಲಗೆಯ ಮೇಲಿಟ್ಟರು. ಪ್ಲೇಟ್‌ಲೆಟ್ ಫ್ರಿಜ್ಜಿಗೆ ಹೋಗುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲ ಹಾಗೆ ತೂಗುತ್ತಲೇ ಇಡಬೇಕು. ಹಾಗಿಟ್ಟರೂ ಸಾಮಾನ್ಯವಾಗಿ ಐದೇ ದಿನ. ಆದ್ದರಿಂದ ಗೆಳೆಯರೆಲ್ಲ ಒಂದೇ ಭಾನುವಾರ ಗುಂಪಾಗಿ ಹೋಗಿ ಫೋಟೋ ತೆಗೆಸಿಕೊಂಡರೆ ಮುಂದಿನ ಭಾನುವಾರ ಕಪಾಟು ಖಾಲಿ. ನಾವು ಹನ್ನೊಂದು ಜನ ಸೇರಿ ವಾರಕ್ಕೊಬ್ಬರಂತೆ ಹೆಸರು ಬರೆದುಕೊಂಡೆವು. ಅದರಲ್ಲಿ ಇಬ್ಬರು ಕೈಕೊಟ್ಟರು, ಒಬ್ಬ ಸೂಜಿ ನೋಡಿ ತಲೆ ತಿರುಗಿ ಬಿದ್ದ. ಉಳಿದವರಿಂದ ನಡೆಯಿತು.

ಪುಟ್ಟಿಗೆ ಒಂದು ಗೊಂಬೆ ಇತ್ತು. ಅದರ ಎದೆಗೆ, ತನ್ನ ಪೋರ್ಟ್ ಇರುವ ಜಾಗದಲ್ಲೇ, ಟೇಪು ಹಚ್ಚಿದ್ದಳು. ಚುಚ್ಚುವ ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚುತ್ತಾರಲ್ಲ, ಅದನ್ನೂ ಸವರುವಂತೆ ಮಾಡಿ, ಅರ್ಧ ಗಂಟೆ ಕಾಯಬೇಕು ಅಂತ ಗೊಂಬೆಗೆ ಹೇಳುತ್ತಿದ್ದಳು. ನಾನು ಒಮ್ಮೆ "ನೋವಾಗಲ್ಲ ಅನ್ನು ಗೊಂಬೆಗೆ" ಅಂದೆ. ನನ್ನನ್ನು ದಿಟ್ಟಿಸಿ ನೋಡಿದಳು. "ನೋವಾಗತ್ತೆ," ಅಂತ ಗೊಂಬೆಯ ಕಿವಿಯಲ್ಲಿ ಅಂದಳು, "ಬೇಗ ಮುಗಿಯತ್ತೆ." ಅವಳ ನರ್ಸ್ ಹೇಳುತ್ತಿದ್ದದ್ದು ಅದನ್ನೇ.

ಜನ ಕಡಿಮೆಯಾಗತೊಡಗಿದ್ದು ನಾಲ್ಕನೇ ತಿಂಗಳಿಂದ. ಮೊದಲ ವಾರಗಳಲ್ಲಿ ಅಡುಗೆಮನೆಯಲ್ಲಿ ಡಬ್ಬಿ ಇಡಲು ಜಾಗ ಇರಲಿಲ್ಲ; ಬಂದ ಊಟ ಅರ್ಧ ಹಾಳಾಗುತ್ತಿತ್ತು, ಡಬ್ಬಿ ಯಾರದ್ದು ಅಂತ ನೆನಪಿಟ್ಟು ಹಿಂತಿರುಗಿಸುವುದೇ ಅಕ್ಕನಿಗೆ ತಲೆನೋವಾಗಿತ್ತು. ಎಎಲ್‌ಎಲ್ ಚಿಕಿತ್ಸೆ ಎರಡರಿಂದ ಮೂರು ವರ್ಷ. ಅದರ ಬಹುಭಾಗ ಮೇಂಟೆನೆನ್ಸ್: ದಿನಾ ರಾತ್ರಿ ಮಾತ್ರೆ, ಆಗಾಗ ರಕ್ತಪರೀಕ್ಷೆ, ಕೂದಲು ಬಂದಿರುತ್ತದೆ, ಮಗು ಓಡಾಡುತ್ತಿರುತ್ತದೆ. ನೋಡಿದವರು "ಈಗ ಹುಷಾರಾದಳಲ್ಲ" ಅನ್ನುತ್ತಾರೆ. ರಜೆಯೆಲ್ಲ ಮುಗಿದು, ಕೈ ಖಾಲಿಯಾಗಿ, ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರೆ ಉರಿದು ಬೀಳುವ ಕಾಲ ಅದೇ. ಆಗ ಬಂದ ಒಂದು ಡಬ್ಬಿಯ ಬೆಲೆ ಮೊದಲ ವಾರದ ಇಪ್ಪತ್ತಕ್ಕಿಲ್ಲ. ಮಹಡಿಯ ಹೆಂಗಸು ಆಗಲೂ ಕಸ ಇಡುತ್ತಿದ್ದರು. ನಾನು? ನಾನೂ ಏಳನೇ ತಿಂಗಳಲ್ಲಿ ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಆಫೀಸು ಅಂದೆ. ನಿಜ ಏನೆಂದರೆ, ಸಾಕಾಗಿತ್ತು. ಅಕ್ಕ ಕೇಳಲಿಲ್ಲ. ಕೇಳಿದ್ದರೆ ವಾಸಿ ಇತ್ತು.

ಆಮೇಲೆ ನನ್ನ ಮಿತಿ ನೋಡಿಕೊಂಡು ಒಂದೇ ಒಂದನ್ನು ಗಟ್ಟಿಯಾಗಿ ಹಿಡಿದೆ: ಗುರುವಾರ ಸಂಜೆ ಹುಡುಗನದ್ದು. ಶಾಲೆಯಿಂದ ನೇರ ನಾನು ಕರೆದುಕೊಂಡು ಹೋಗುತ್ತಿದ್ದೆ. ಸೈಕಲ್ ಹೊಡೆಯುತ್ತಿದ್ದ, ಅಥವಾ ಸುಮ್ಮನೆ ಕೂರುತ್ತಿದ್ದೆವು. ತಂಗಿಯ ಬಗ್ಗೆ ನಾನಾಗಿ ಎತ್ತುತ್ತಿರಲಿಲ್ಲ. ಎರಡು ವರ್ಷದಲ್ಲಿ ತಪ್ಪಿದ್ದು ಹೆಚ್ಚೆಂದರೆ ಆರೇಳು ಗುರುವಾರ.

ಕೊನೆಯ ಮಾತ್ರೆ ನುಂಗಿದ ದಿನ ಹಬ್ಬವಾಗುತ್ತದೆ ಅಂದುಕೊಂಡಿದ್ದೆ. ಅಕ್ಕ ಅವತ್ತು ರಾತ್ರಿ ಮೂರು ಸಲ ಎದ್ದು ಮಗುವಿನ ಹಣೆ ಮುಟ್ಟಿ ನೋಡಿದಳಂತೆ. ಇಷ್ಟು ದಿನ ಏನೋ ಒಂದು ಔಷಧ ಕಾವಲಿತ್ತು, ಇನ್ನು ಯಾರೂ ಇಲ್ಲ ಅನ್ನಿಸಿತಂತೆ. ಕಾಲು ನೋವು ಅಂದರೆ ಈಗಲೂ ಅವಳ ಮುಖ ಬಿಳುಚುತ್ತದೆ. "ಎಲ್ಲ ಮುಗೀತಲ್ಲ, ಇನ್ನೇನು" ಅನ್ನುವವರನ್ನು ನೋಡಿದರೆ ನನಗೇ ರೇಗುತ್ತದೆ.

ಅದಾದ ಎರಡನೇ ಗುರುವಾರ ನಾನು ಹೋಗಲಿಲ್ಲ. ಇನ್ನು ಅವರವರ ಸಂಜೆ ಅವರವರಿಗೆ ಇರಲಿ ಅಂದುಕೊಂಡು ಆಫೀಸಿನಲ್ಲೇ ಕೂತಿದ್ದೆ. ಐದೂವರೆಗೆ ಅಕ್ಕನ ಫೋನಿನಿಂದ ಕರೆ. ನನ್ನ ಎದೆ ಧಸಕ್ ಅಂತು, ನಂಬರು ಕೇಳಲು ತಯಾರಾದೆ.

"ಮಾಮ, ಎಲ್ಲಿದೀಯ?" ಹುಡುಗ.

ಹೋದಾಗ ಗೇಟಿನ ಹತ್ತಿರ ಶೂ ಹಾಕಿಕೊಂಡು, ಸೈಕಲ್ ತಲೆಕೆಳಗಾಗಿ ನಿಲ್ಲಿಸಿಕೊಂಡು ಕೂತಿದ್ದ. ಚೈನ್ ಬಿದ್ದಿತ್ತು. ಕೂರಿಸಲು ಹೋಗಿ ಅವನ ಮೂಗಿನ ತುದಿಯವರೆಗೆ ಗ್ರೀಸ್ ಆಗಿತ್ತು. ನಾನು ಪೆಡಲ್ ತಿರುಗಿಸಿದೆ, ಅವನು ಕಡ್ಡಿಯಿಂದ ಚೈನ್ ಎತ್ತಿ ಹಲ್ಲಿಗೆ ಕೂರಿಸಿದ. ಪುಟ್ಟಿ ಬಾಗಿಲಲ್ಲಿ ನಿಂತು ನನಗೂ ಕೊಡಿ ಅಂತ ಕೂಗುತ್ತಿದ್ದಳು. ಇವನು "ನಿಂಗಲ್ಲ, ಹೋಗೇ" ಅಂದ.

"ಬ್ರೇಕೂ ಹಿಡೀತಿಲ್ಲ," ಅಂದ ಆಮೇಲೆ, ಚಕ್ರದ ಮೇಲಿಂದ ಕಣ್ಣೆತ್ತದೆ. "ಅದನ್ನ ಮುಂದಿನ ಗುರುವಾರ ನೋಡೋಣ."